ನಾಲ್ಕಕ್ಕೆ ನಾಲ್ಕು

ಪಿಕರಿಂಗ್
೨೩ ನವೆಂಬರ್ ೨೦೨೫, ಭಾನುವಾರ

ಪ್ರಿಯ ಸೌಜನ್ಯ,

ಆಶೀರ್ವಾದಗಳು. ನೀನು ಫೋನ್ ಎತ್ತುತ್ತಿಲ್ಲ. ವಾಟ್ಸಾಪ್ ಗುಂಪಿನಿಂದ ಹೊರಬಿದ್ದು ಇವತ್ತಿಗೆ ಏಳು ದಿನ. ಮೊಮ್ಮಗಳು ಅಕ್ಷಯಾ, "ತಾತ, ಗಿವ್ ಹರ್ ಸಮ್ ಸ್ಪೇಸ್" ಎಂದಳು. ಸ್ಪೇಸ್ ಕೊಡುವುದಕ್ಕೆ ನಾನೇನು ಪಾರ್ಕಿಂಗ್ ಲಾಟೇ? ನನಗೆ ಎದೆನೋವು ಬಂದಾಗ ನೀನು ಸಿಗದಿದ್ದರೆ ಇರಲಿ ಎಂದು ನಿನ್ನ ತಮ್ಮ ಪ್ರಖ್ಯಾತನ ವುಡ್‌ಬ್ರಿಡ್ಜ್ ವಿಳಾಸ ಬರೆದುಕೊಟ್ಟಿದ್ದೆಯಲ್ಲ, ಆ ಚೀಟಿ ಫ್ರಿಜ್ ಬಾಗಿಲ ಮೇಲೆಯೇ ಇತ್ತು. ಎದೆನೋವಿಲ್ಲ, ಆದರೂ ಉಪಯೋಗಿಸಿಕೊಳ್ಳುತ್ತಿದ್ದೇನೆ.

ಒಂದು ಮಾತು ಕೇಳುತ್ತೇನೆ, ಸಿಟ್ಟಾಗಬೇಡ. ನಮ್ಮ ಕೋ-ಆಪ್ ಕಟ್ಟಡದ ಎಪ್ಪತ್ತನಾಲ್ಕು ಮನೆಯವರು ಸೇರಿ ಬೋರ್ಡಿಗೆ ಒಬ್ಬರನ್ನು ಆರಿಸುವ ಚುನಾವಣೆ ಅದು, ಪಾರ್ಲಿಮೆಂಟಿನದಲ್ಲ. ಡೆರೆಕ್ ಗೆದ್ದ, ನೀನು ಸೋತೆ. ಅಷ್ಟಕ್ಕೇ ಮನೆಗೆ ಬೀಗ ಜಡಿದು ತಮ್ಮನ ಬೇಸ್‌ಮೆಂಟಿನಲ್ಲಿ ಹೋಗಿ ಕೂರುವುದೇ?

ನಿನ್ನೆ ಮೂರು ಗಂಟೆಗೆ ಎಂದಿನಂತೆ ನಮ್ಮ ಹನ್ನೊಂದು ಮಂದಿ ಕನ್ನಡದ ಹಿರಿಯರೂ ಕೆಳಗಿನ ಹಾಲ್‌ಗೆ ಬಂದಿದ್ದರು. ನೀನಿಲ್ಲದೆ ಶುಂಠಿ ಚಹಾ ಇಲ್ಲ. ಜಯಲಕ್ಷ್ಮಮ್ಮ ಟೀಬ್ಯಾಗ್ ತಂದಿದ್ದರು, ಬಣ್ಣದ ಬಿಸಿನೀರು ಕುಡಿದು ಎದ್ದೆವು. ಹಾಲ್ ಮುಚ್ಚಿ ಜಿಮ್ ಮಾಡಬೇಕೆಂಬ ಕಡೆಗೆ ಬೋರ್ಡಿನಲ್ಲಿ ಒಂದು ಮತ ಕಡಿಮೆ ಬೀಳುತ್ತಿತ್ತು. ಈಗ ಡೆರೆಕ್‌ನದು ಸಿಕ್ಕಿತು. ಮಾರ್ಚ್ ಒಂದರಿಂದ ನಮಗೆ ಜಾಗವಿಲ್ಲ ಎಂದು ಬಾಗಿಲಿಗೆ ಕಾಗದ ಅಂಟಿಸಿದ್ದಾರೆ.

ನಾನಂತೂ ಮಾಡಬೇಕಾದ್ದನ್ನು ಮಾಡಿದ್ದೇನೆ. ಈ ಸಲದ ಚೀಟಿಯ ಪದ್ಧತಿ ಹೊಸದು. ಒಬ್ಬರ ಮುಂದೆ ಗುರುತು ಹಾಕಿ ಬರುವುದಲ್ಲ, ನಿಂತಿರುವ ನಾಲ್ವರ ಮುಂದೆಯೂ ಒಂದರಿಂದ ನಾಲ್ಕರವರೆಗೆ ಬರೆಯಬೇಕು, ಒಂದು ಎಂದರೆ ಮೊದಲ ಆಯ್ಕೆ, ನಾಲ್ಕು ಎಂದರೆ ಕಡೆಯದು. ಯಾರಿಗೂ ಅರ್ಧಕ್ಕಿಂತ ಹೆಚ್ಚು ಬರದಿದ್ದರೆ ಕೊನೆಯವರನ್ನು ಕೈಬಿಟ್ಟು, ಅವರ ಚೀಟಿಗಳನ್ನು ಮುಂದಿನ ಆಯ್ಕೆಗೆ ಹಂಚುತ್ತಾರೆ. ನಮ್ಮ ಹಿರಿಯರಿಗಾಗಿ ಆ ಸೂಚನೆಗಳನ್ನು ಕನ್ನಡಕ್ಕೆ ತಂದವನು ನಾನು. ಮೈಸೂರಿನಲ್ಲಿ ಮೂವತ್ತನಾಲ್ಕು ವರ್ಷ ಕನ್ನಡ ಪಾಠ ಮಾಡಿದವನ ಕನ್ನಡದಲ್ಲಿ ದೋಷ ಹುಡುಕುವುದು ಕಷ್ಟ. ಅಂಕಿಯನ್ನೂ ಕನ್ನಡದಲ್ಲೇ ಬರೆಯಿರಿ, ನಾಚಿಕೆ ಏಕೆ ಎಂದೆ. ಓದುವಂತಿದ್ದರೆ ಸಾಕು ಎಂದು ಆಫೀಸಿನವರೂ ಒಪ್ಪಿದರು. ಹನ್ನೊಂದು ಮಂದಿಯೂ ಅಚ್ಚುಕಟ್ಟಾಗಿ ಬರೆದುಬಂದರು.

ಇಷ್ಟು ಮಾಡಿದ ಮೇಲೂ ಹೀಗಾದರೆ ಯಾರನ್ನು ದೂರುವುದು? ಪತ್ರ ಬರೆ. ಕಾಗುಣಿತ ತಿದ್ದುವುದಿಲ್ಲ.

ನಿನ್ನ ಹಿತೈಷಿ,
ವೇಣುಗೋಪಾಲ


ವುಡ್‌ಬ್ರಿಡ್ಜ್
30-11-2025

ಮಾಷ್ಟ್ರಿಗೆ ನಮಸ್ಕಾರ.

ನಿಮ್ಮ ಕಾಗದ ನೋಡಿ ನಗುವೂ ಬಂತು, ಅಳುವೂ ಬಂತು. ನಾನು ಸೋತದ್ದಕ್ಕೆ ಬೇಜಾರು ಮಾಡಿಕೊಂಡದ್ದಲ್ಲ. ಎಣಿಕೆಯ ದಿವಸ ಎಂತ ಆಯ್ತು ಅಂತ ನಿಮಗೆ ಗೊತ್ತಿಲ್ಲ, ಹಾಗಾಗಿ ಹೇಳ್ತೇನೆ. ಪ್ರಖ್ಯಾತನಿಗೂ ಇದನ್ನು ಹೇಳಲಿಲ್ಲ.

ಎಣಿಸಲಿಕ್ಕೆ ಹೊರಗಿನಿಂದ ಒಬ್ಬರು ಹೆಂಗಸು ಬಂದಿದ್ದರು. ನಿಂತವರು ನಾಲ್ವರೂ ಎದುರಿಗೆ ಕೂತಿದ್ದೆವು. ಅವರು ಹನ್ನೆರಡು ಚೀಟಿ ತೆಗೆದು ಪಕ್ಕಕ್ಕೆ ಹಾಕಿದರು. ಕನ್ನಡದ ೪ ಅವರಿಗೆ ತಲೆ ಒಡೆದ ಎಂಟಿನ ಹಾಗೆ ಕಂಡಿತು. ನಾಲ್ಕು ಜನ ಇರುವಲ್ಲಿ ಎಂಟು ಎಲ್ಲಿಂದ ಬಂತು, ಇದು ಸ್ಪಾಯಿಲ್ಡ್, ಲೆಕ್ಕಕ್ಕಿಲ್ಲ ಅಂದರು. ನಾನು ಎದ್ದು, ನೋ ನೋ, ಇದು ನಮ್ಮ ಭಾಷೆ, ನಾನು ಓದ್ತೇನೆ ಅಂದೆ. ನಮ್ಮ ಹಿರಿಯರ ವೋಟು ಹಾಳಾಗಬಾರದು, ನನ್ನ ತಲೆಯಲ್ಲಿ ಇದ್ದದ್ದು ಅಷ್ಟೇ. ಉಳಿದ ಮೂವರೂ ಒಪ್ಪಿದರು.

ಮೊದಲನೆಯ ಚೀಟಿ. ನಿನ್ನ ಹೆಸರಿನ ಮುಂದೆ ಎಷ್ಟು ಅಂತ ಕೇಳಿದರು. "ಫೋರ್" ಅಂದೆ. ಎರಡನೆಯದು. "ಫೋರ್". ಹೀಗೆ ಹನ್ನೊಂದು ಸಲ, ಎಲ್ಲರ ಎದುರು, ನನ್ನ ಬಾಯಿಂದಲೇ. ನಾಲ್ಕು ಜನರಲ್ಲಿ ನಾಲ್ಕನೆಯವಳು. ಏಳನೆಯದೋ ಎಂಟನೆಯದೋ ಬರುವಾಗ ಡೆರೆಕ್ ಕೂಡ ಮುಖ ತಗ್ಗಿಸಿದ. ಕಡೆಗೆ ಅವನಿಗೆ ಮೂವತ್ತೆಂಟು, ನನಗೆ ಇಪ್ಪತ್ತೆರಡು, ಇನ್ನಿಬ್ಬರಿಗೆ ಒಂಬತ್ತು ಮತ್ತು ಐದು. ಮೊದಲ ಸುತ್ತಿನಲ್ಲೇ ಮುಗಿಯಿತು, ಹಂಚುವ ಕೆಲಸವೇ ಬರಲಿಲ್ಲ.

ಯಾಕೆ ಅಂತ ನನಗೆ ಗೊತ್ತುಂಟು ಮಾಷ್ಟ್ರೇ. ನವೆಂಬರ್ ಒಂದರ ಶನಿವಾರ ಜಯಲಕ್ಷ್ಮಮ್ಮ ನನ್ನ ಅಜ್ಜಿಯ ಹೆಸರೇನು ಅಂತ ಕೇಳಿದರಲ್ಲ. ಎಲ್ಲರಿಗೂ ಚಹಾ ಕೊಟ್ಟು ಸಿಂಕಿನ ಕಡೆ ತಿರುಗಿದ್ದೆ, ಯೋಚನೆಯೇ ಮಾಡದೆ ಕೊರಪ್ಪೊಳು ಅಂದೆ. ಅಜ್ಜ ತುಕ್ರ, ಬುಟ್ಟಿ ಹೆಣೆಯುತ್ತಿದ್ದರು ಅಂತಲೂ ಹೇಳಿದೆ. ಅದು ಊರ ಹೊರಗೆ ಇಟ್ಟ ಜಾತಿಯವರ ಹೆಸರು ಅಂತ ಆ ಕೋಣೆಯಲ್ಲಿ ಯಾರಿಗೂ ಬಿಡಿಸಿ ಹೇಳಬೇಕಾಗಿರಲಿಲ್ಲ. ಮಾತು ನಿಂತಿತು. ಯಾರೋ ಲೋಟ ಕೆಳಗಿಟ್ಟ ಶಬ್ದ ಕೇಳಿತು. ಎಲ್ಲರೂ ಹೋದ ಮೇಲೆ ನೋಡಿದರೆ ಒಂದು ಲೋಟ ಚಹಾ ಹಾಗೇ ಇತ್ತು, ಕೆನೆ ಕಟ್ಟಿತ್ತು. ನಿಜಲಿಂಗಪ್ಪನವರು ಕೂತಿದ್ದ ತುದಿಯಲ್ಲಿ. ಚೆಲ್ಲಿ ತೊಳೆದಿಟ್ಟೆ. ನಾಚಿಕೆ ಆದದ್ದು ನನಗೆ, ನೋಡಿ. ಮೂರು ವರ್ಷ ಆ ಮನುಷ್ಯನನ್ನು ಕಣ್ಣಿನ ಡಾಕ್ಟರ ಹತ್ತಿರ ಕರೆದುಕೊಂಡು ಹೋದವಳು ನಾನು.

ಹನ್ನೆರಡನೆಯ ಚೀಟಿಯಲ್ಲಿ ಮಾತ್ರ ನನಗೆ ೨ ಇತ್ತು. ಆ ಉದ್ದ ಬಾಲ ನಿಮ್ಮ ಕೈಯದು, ಬೇರೆ ಯಾರದೂ ಅಲ್ಲ. ನನ್ನನ್ನು ಕಡೆಗೆ ತಳ್ಳದವರು ಒಬ್ಬರಾದರೂ ಇದ್ದರು. ಆ ಉಪಕಾರ ಸಾಯುವವರೆಗೆ ಮರೆಯುವುದಿಲ್ಲ.

ಮನೆ ಬಿಡ್ತೇನೆ ಅಂತ ನೋಟಿಸು ಕೊಟ್ಟಾಯ್ತು. ಜನವರಿ ಹದಿನೈದರ ಒಳಗೆ ವಾಪಸು ತಗೊಳ್ಳದಿದ್ದರೆ ಲೈನಿನಲ್ಲಿ ಕಾಯುವವರಿಗೆ ಕೊಡ್ತಾರೆ. ಆ ಮನೆಗೆ ನಾನು ಆರು ವರ್ಷ ಕಾದಿದ್ದೆ. ಇನ್ನೊಂದು ಸಲ ಕಾಯುವ ತಾಕತ್ತಿಲ್ಲ, ಆದರೆ ಆ ಲಿಫ್ಟಿನಲ್ಲಿ ಅವರ ಮುಖ ನೋಡಲಿಕ್ಕೂ ನನ್ನಿಂದ ಆಗುವುದಿಲ್ಲ.

ಸೌಜನ್ಯ


ಪಿಕರಿಂಗ್
೭ ಡಿಸೆಂಬರ್ ೨೦೨೫

ಪ್ರಿಯ ಸೌಜನ್ಯ,

ನಿನ್ನ ಪತ್ರ ಗುರುವಾರ ಬಂತು. ಇಲ್ಲಿ ಹಿಮ ಬಿದ್ದಿದೆ. ಪಕ್ಕದ ಬಾಗಿಲಿನ ಮೆಟ್ಟಿಲಿಗೆ ಕಾಲು ಜಾರದಂತೆ ಇನ್ನೂ ಯಾರೂ ಉಪ್ಪು ಹಾಕಿಲ್ಲ.

ನಿನ್ನೆ ಹಾಲ್‌ಗೆ ಹೋಗಿದ್ದೆ. ಜಯಲಕ್ಷ್ಮಮ್ಮ ನಿನ್ನನ್ನು ಕೇಳಿದರು. ಇನ್ನೂ ಒಂದು ಮಾತು ಹೇಳಿದರು. ಅದನ್ನು ಇನ್ನೊಮ್ಮೆ ಬರೆಯುತ್ತೇನೆ.

ಒಂದು ಸಣ್ಣ ಪ್ರಶ್ನೆ, ಸುಮ್ಮನೆ ಕುತೂಹಲಕ್ಕೆ. ನೀನು ಓದಿದ ಆ ಹನ್ನೊಂದು ಚೀಟಿಗಳಲ್ಲಿ ಡೆರೆಕ್‌ನ ಮುಂದೆ ಏನಿತ್ತು? ನೆನಪಿದ್ದರೆ ಬರೆ, ಇಲ್ಲದಿದ್ದರೆ ಬೇಡ.

ನಿಜಲಿಂಗಪ್ಪನವರ ವಿಷಯದಲ್ಲಿ ನಾನೇನೂ ಹೇಳಲಾರೆ. ಅವರು ಮಿತಭಾಷಿ. ನೋಟಿಸಿನ ಬಗ್ಗೆ ಆತುರ ಬೇಡ. ಆ ೨ ಅನ್ನು ಉಪಕಾರದ ಲೆಕ್ಕಕ್ಕೆ ಹಿಡಿಯಬೇಡ.

ವೇಣುಗೋಪಾಲ


ವುಡ್‌ಬ್ರಿಡ್ಜ್
11-12-2025

ಮಾಷ್ಟ್ರಿಗೆ,

ಹನ್ನೊಂದರಲ್ಲೂ ಡೆರೆಕ್‌ಗೆ ೧. ಮರೆಯುವಂಥದ್ದಲ್ಲ.

ನನಗೂ ವಿಚಿತ್ರ ಕಂಡದ್ದು ಅದೇ. ನನ್ನನ್ನು ಕಡೆಗೆ ಹಾಕಲಿ, ಅವರ ಹಾಲ್ ಕಿತ್ತುಕೊಳ್ಳುವವನನ್ನು ಮೊದಲು ಹಾಕುವುದಾ? ನನ್ನ ಮೇಲೆ ಅಷ್ಟು ಅಸಹ್ಯವಾ ಅಂತ ಮನಸ್ಸಿಗೆ ಇನ್ನೂ ಚುಚ್ಚುತ್ತದೆ. ನಾನು ಕೆಲಸ ಮಾಡುವ ಕೇರ್ ಹೋಮಿನಲ್ಲಿ ಒಬ್ಬಳು ಅಜ್ಜಿಗೆ ಊಟ ಮಾಡಿಸುವಾಗ ಅದೇ ನೆನಪಾಗಿ ಚಮಚ ಹಿಡಿದುಕೊಂಡೇ ನಿಂತುಬಿಟ್ಟೆ. ಅವಳು ಬಾಯಿ ತೆರೆದುಕೊಂಡು ಕಾಯ್ತಾ ಇದ್ದಳು.

ನೀವು ಸುಮ್ಮನೆ ಪ್ರಶ್ನೆ ಕೇಳುವವರಲ್ಲ. ಫಲಿತಾಂಶದ ಮೇಲೆ ತಕರಾರು ಕೊಡಲಿಕ್ಕೆ ಮೂವತ್ತು ದಿವಸ ಉಂಟು, ಡಿಸೆಂಬರ್ ಹದಿನಾರು ಕಡೆಯ ದಿನ. ನಿಮಗೆ ಎಂತಾದರೂ ಗೊತ್ತಿದ್ದರೆ ಅದಕ್ಕೆ ಮೊದಲು ಹೇಳಿ. ಫೋನಾದರೂ ಮಾಡಿ, ಈ ಸಲ ಎತ್ತುತ್ತೇನೆ.

ಸೌಜನ್ಯ


ಪಿಕರಿಂಗ್
೨೭ ಡಿಸೆಂಬರ್ ೨೦೨೫

ಪ್ರಿಯ ಸೌಜನ್ಯ,

ಕ್ರಿಸ್‌ಮಸ್ ಗಲಾಟೆಯಲ್ಲಿ ನಿನ್ನ ಪತ್ರ ತಡವಾಗಿ ತಲುಪಿತು ಎಂದು ಬರೆದೆ. ಆ ಹಾಳೆಯನ್ನು ಹರಿದುಹಾಕಿ ಇದನ್ನು ಬರೆಯುತ್ತಿದ್ದೇನೆ. ಪತ್ರ ಹದಿಮೂರನೆಯ ತಾರೀಕೇ ಬಂದಿತ್ತು. ಹದಿನಾರರವರೆಗೆ ಅದು ನನ್ನ ಜುಬ್ಬಾದ ಜೇಬಿನಲ್ಲಿತ್ತು. ಆಫೀಸು ನಮ್ಮ ಲಿಫ್ಟಿನಿಂದ ಇಪ್ಪತ್ತು ಹೆಜ್ಜೆ. ದಿನಕ್ಕೆರಡು ಸಲ ಅದರ ಮುಂದೆ ಹಾದುಹೋದೆ.

ಡಿಸೆಂಬರ್ ಆರರ ಶನಿವಾರ ಜಯಲಕ್ಷ್ಮಮ್ಮ ಹೇಳಿದ ಮಾತು ಇದು: "ಅಲ್ಲಾ ಮೇಷ್ಟ್ರೇ, ನಾವೆಲ್ಲಾ ಆ ಹುಡುಗಿಗೆ ನಾಲ್ಕಕ್ಕೆ ನಾಲ್ಕು ಕೊಟ್ವಲ್ಲ, ಫುಲ್ ಮಾರ್ಕ್ಸು, ಆದ್ರೂ ಹೆಂಗೆ ಸೋತ್ಲು? ಆ ಡೆರೆಕ್‌ಗೆ ಒಂದೇ ಒಂದು ಕೊಟ್ಟಿದ್ದು. ಸೊನ್ನೆ ಹಾಕೋಣ ಅಂದ್ರೆ ನೀವೇ ಬೇಡ ಅಂದ್ರಿ."

ನಿಜ, ಸೊನ್ನೆ ಬೇಡ ಎಂದವನು ನಾನೇ. ಆಗಲಾದರೂ ನನಗೆ ಹೊಳೆಯಬೇಕಿತ್ತು.

ನಾನು ಬರೆದ ಸೂಚನೆ ಎದುರಿಗಿದೆ. "ನಾಲ್ವರು ಅಭ್ಯರ್ಥಿಗಳಿಗೂ ಒಂದರಿಂದ ನಾಲ್ಕರವರೆಗೆ ಅಂಕ ನೀಡಿ." ಅಂಕ ಎಂದರೆ ಸಂಖ್ಯೆ ಎಂದು ನಾನು ತಿಳಿದು ಬರೆದೆ. ಅಂಕ ಎಂದರೆ ಮಾರ್ಕ್ಸು ಎಂದು ಹನ್ನೊಂದು ಜನ ಓದಿದರು. ಶಾಲೆಯ ಮೆಟ್ಟಿಲು ಹತ್ತಿದ ಯಾವ ಕನ್ನಡಿಗನೂ ಹಾಗೆಯೇ ಓದುತ್ತಾನೆ. ಹೆಚ್ಚು ಬೇಕಾದವರಿಗೆ ಹೆಚ್ಚು ಅಂಕ. ಜೀವಮಾನವೆಲ್ಲ ಕೆಂಪು ಶಾಯಿಯಲ್ಲಿ ಅಂಕ ಕೊಟ್ಟು ಬದುಕಿದವನಿಗೆ ಇದು ತಿಳಿಯಲಿಲ್ಲ.

ಅಕ್ಷಯಾ ಆಗಲೇ, "ತಾತ, ಜಸ್ಟ್ ರೈಟ್ ರ‍್ಯಾಂಕ್, ಎಲ್ಲರಿಗೂ ಗೊತ್ತು" ಎಂದಿದ್ದಳು. ಫಸ್ಟ್ ರ‍್ಯಾಂಕ್ ಬಂದವರ ಫೋಟೋ ಪೇಪರಿನಲ್ಲಿ ನೋಡಿದ ಜನ ಅವರು, ರ‍್ಯಾಂಕ್ ಎಂದಿದ್ದರೆ ಯಾರೂ ತಪ್ಪುತ್ತಿರಲಿಲ್ಲ. ಇಂಗ್ಲಿಷ್ ಪದ ನುಸುಳಬಾರದು ಎಂಬ ಹಟ ನನ್ನದು. ದೋಷ ಹುಡುಕುವುದು ಕಷ್ಟ ಎಂದು ನಿನಗೆ ಬೇರೆ ಬರೆದಿದ್ದೆ.

ನಿನ್ನನ್ನು ಯಾರೂ ಕಡೆಗೆ ತಳ್ಳಲಿಲ್ಲ. ಅವರಿಗೆ ನಾನು ಇದನ್ನು ಇನ್ನೂ ಹೇಳಿಲ್ಲ. ತಪ್ಪು ತಿದ್ದುವ ದಿನ ಕಳೆದುಹೋಗಿದೆ, ಕಳೆಯಲು ಬಿಟ್ಟವನು ನಾನು. ಹಾಲ್ ಹೋದದ್ದೂ ನನ್ನಿಂದ. ಕ್ಷಮಿಸು ಎಂದು ಕೇಳುವ ಮುಖವಿಲ್ಲ. ಮನೆಯನ್ನಾದರೂ ಬಿಡಬೇಡ.

ವೇಣುಗೋಪಾಲ


ವುಡ್‌ಬ್ರಿಡ್ಜ್
3-1-2026

ಮಾಷ್ಟ್ರೇ,

ಕಾಗದ ಓದಿ ಮೆಟ್ಟಿಲ ಮೇಲೆ ಕೂತು ನಕ್ಕೆ. ಆಮೇಲೆ ಅತ್ತದ್ದು ನೋಡಿ ಪ್ರಖ್ಯಾತನ ಹೆಂಡತಿ ಹೆದರಿ ಅವನಿಗೆ ಫೋನ್ ಮಾಡಿದಳು. ನಾಲ್ಕಕ್ಕೆ ನಾಲ್ಕು. ಶಾಲೆಯಲ್ಲಿ ನನಗೆ ಯಾವತ್ತೂ ಯಾರೂ ಫುಲ್ ಮಾರ್ಕ್ಸ್ ಕೊಟ್ಟದ್ದಿಲ್ಲ. ಎಣಿಸುವವರ ಎದುರು ನಿಂತು ಹನ್ನೊಂದು ಸಲ ಓದಿದೆನಲ್ಲ, ಅವರು ನನಗೆ ಕೊಟ್ಟದ್ದನ್ನೇ ನಾನು ಓದುತ್ತಿದ್ದೆ, ನನಗೇ ಗೊತ್ತಾಗಲಿಲ್ಲ.

ಲೆಕ್ಕವನ್ನೂ ಮಾಡಿದೆ. ಆ ಹನ್ನೊಂದು ನನ್ನ ಕಡೆ ಬಂದರೆ ನನಗೆ ಮೂವತ್ತಮೂರು, ಡೆರೆಕ್‌ಗೆ ಇಪ್ಪತ್ತೇಳು. ಹಂಚಿದ ಮೇಲೆ ಎಂತ ಆಗ್ತಿತ್ತೋ ದೇವರಿಗೆ ಗೊತ್ತು. ಹದಿನಾರರ ಒಳಗೆ ನೀವು ಹೇಳಬೇಕಿತ್ತು ಮಾಷ್ಟ್ರೇ. ಹೇಳಬೇಕಿತ್ತು. ಪದ ತಪ್ಪುವುದು ಯಾರಿಗಾದರೂ ಆಗ್ತದೆ. ಆ ಮೂರು ದಿವಸ ಜೇಬಿನಲ್ಲಿ ಇಟ್ಟುಕೊಂಡದ್ದು ಬೇರೆ.

ನೋಟಿಸು ವಾಪಸು ತಗೊಳ್ಳಲಿಕ್ಕೆ ನಾಳೆಯೇ ಹೊರಡುವ ಅಂತ ಬ್ಯಾಗಿಗೆ ಬಟ್ಟೆ ತುಂಬಿಸ್ತಾ ಇದ್ದೆ. ಆಗ ಒಂದು ವಿಷಯ ತಲೆಗೆ ಬಂತು, ಕೈ ನಿಂತಿತು.

ನಿಮ್ಮ ಚೀಟಿಯ ೨. ನೀವು ಇಂಗ್ಲಿಷಿನ ಸೂಚನೆ ಓದಿದವರು, ಯಾವ ನಂಬರಿಗೆ ಯಾವ ಅರ್ಥ ಅಂತ ನಿಮಗೆ ಗೊತ್ತಿತ್ತು. ಉಳಿದವರು ತಪ್ಪು ತಿಳಿದು ನನಗೆ ನಾಲ್ಕು ಬರೆದರು. ನೀವು ಸರಿಯಾಗಿ ತಿಳಿದೇ ಎರಡು ಬರೆದಿರಿ. ಚುನಾವಣೆಗೆ ನಿಲ್ಲು ಅಂತ ನನ್ನ ಬೆನ್ನು ಹತ್ತಿದವರೇ ನೀವು. ನಾನು ಕೇಳಬಾರದು, ಗುಪ್ತ ಮತದಾನ. ಆದರೂ ಕೇಳ್ತೇನೆ. ಯಾಕೆ ಎರಡು?

ಹದಿನೈದಕ್ಕೆ ಹನ್ನೆರಡು ದಿವಸ ಉಂಟು. ಇದಕ್ಕೆ ಉತ್ತರ ಬಾರದೆ ನಾನು ಹೊರಡುವುದಿಲ್ಲ.

ಸೌಜನ್ಯ


ಪಿಕರಿಂಗ್
೧೦ ಜನವರಿ ೨೦೨೬, ಬೆಳಿಗ್ಗೆ

ಸೌಜನ್ಯ,

ಇದನ್ನು ಅಂಚೆಗೆ ಹಾಕಿ, ತಡವಾಯಿತು ಎಂದು ಅಂಚೆಯವರನ್ನು ದೂರುವ ಅವಕಾಶ ನನಗೆ ಬೇಡ. ಬಸ್ಸು ಹತ್ತಿ ನಾನೇ ತಂದು ಪ್ರಖ್ಯಾತನ ಮನೆಯ ಪೆಟ್ಟಿಗೆಗೆ ಹಾಕುತ್ತೇನೆ. ಬೆಲ್ ಒತ್ತುವುದಿಲ್ಲ.

ಆ ಲೋಟ ನನ್ನದು.

ಕೊರಪ್ಪೊಳು ಎಂಬ ಹೆಸರು ಕೇಳಿದಾಗ ಚಹಾ ತುಟಿಯವರೆಗೆ ಬಂದಿತ್ತು. ಕೈ ತಾನಾಗಿ ಕೆಳಗಿಳಿಯಿತು ಎಂದು ಬರೆದು ಹೊಡೆದುಹಾಕಿದೆ. ಕೈ ತಾನಾಗಿ ಏನೂ ಮಾಡುವುದಿಲ್ಲ, ನಾನೇ ಇಟ್ಟೆ. ಜಾತಿ ನೋಡಬಾರದು ಎಂದು ಮೂವತ್ತನಾಲ್ಕು ವರ್ಷ ಮಕ್ಕಳಿಂದ ಪ್ರಬಂಧ ಬರೆಸಿ, ಹತ್ತಕ್ಕೆ ಎಂಟು, ಒಂಬತ್ತು ಎಂದು ಅಂಕ ಹಾಕಿದವನು ಇಟ್ಟ. ಅಲ್ಲಿಗೂ ಮುಗಿಯಲಿಲ್ಲ. ಎಲ್ಲರೂ ಏಳುವಾಗ ಲೋಟವನ್ನು ಮೇಜಿನ ಆ ತುದಿಗೆ, ನಿಜಲಿಂಗಪ್ಪನವರ ಕಡೆಗೆ ಸರಿಸಿದೆ. ಅವರು ತಮ್ಮದನ್ನು ಕುಡಿದು ತಾವೇ ಇನ್ನರ್ಧ ಲೋಟ ಬಗ್ಗಿಸಿಕೊಂಡಿದ್ದರು. ನೀನು ಅವರ ಮೇಲೆ ಹೊರಿಸಿ ಬರೆದಾಗ ಅವರು ಮಿತಭಾಷಿ ಎಂದು ಉತ್ತರಿಸಿದೆ. ಆ ವಾಕ್ಯ ಬರೆಯುವಾಗ ನನಗೆ ನನ್ನ ಬಗ್ಗೆಯೇ ಹೇಸಿಗೆಯಾಯಿತು, ಆದರೂ ಬರೆದೆ.

ಹದಿನೈದು ದಿನದ ಮೇಲೆ ಚೀಟಿ ಹಿಡಿದು ನಿಂತಾಗ ನಿನಗೆ ಒಂದು ಬರೆಯಲು ಹೊರಟವನು ಎರಡು ಬರೆದೆ. ಒಂದನ್ನು ಯಾರಿಗೆ ಕೊಟ್ಟೆ ಎಂದರೆ, ಒಟ್ಟು ಐದೇ ಮತ ಬಿತ್ತಲ್ಲ, ಆ ಮೇಲಿನ ಮಹಡಿಯಾತನಿಗೆ. ಅವನ ಹೆಸರನ್ನು ಚೀಟಿ ನೋಡಿಯೇ ತಿಳಿದುಕೊಂಡದ್ದು. ಎರಡು ಕೂಡ ಮತವೇ, ಮೊದಲನೆಯವನು ಬಿದ್ದುಹೋದರೆ ನಿನಗೇ ಬರುತ್ತದೆ, ಇದರಲ್ಲಿ ದ್ರೋಹವೇನಿಲ್ಲ ಎಂದು ಅಲ್ಲಿಯೇ ಸಮಾಧಾನ ಹೇಳಿಕೊಂಡೆ. ಆ ಪದ್ಧತಿಯನ್ನು ಎಲ್ಲರಿಗಿಂತ ಚೆನ್ನಾಗಿ ತಿಳಿದವನು ನಾನೇ ಅಲ್ಲವೇ, ಅದರೊಳಗೆ ಅಡಗಿ ಕೂರುವುದೂ ಗೊತ್ತಿತ್ತು.

ಉಳಿದವರ ಮಾತು ನಿಂತದ್ದೂ ನಿಜ. ಆ ಗಳಿಗೆ ಅವರ ಮನಸ್ಸಿನಲ್ಲಿ ಏನಿತ್ತು ಎಂದು ನಾನು ಹೇಳಲಾರೆ. ಆದರೆ ಚಹಾ ಕುಡಿದರು, ಹದಿನೈದು ದಿನದ ಮೇಲೆ ನಾಲ್ಕಕ್ಕೆ ನಾಲ್ಕು ಕೊಟ್ಟರು. ಹನ್ನೆರಡು ಚೀಟಿಗಳಲ್ಲಿ ನಿನ್ನನ್ನು ಕೆಳಗಿಳಿಸಿದ್ದು ಒಂದೇ ಒಂದು, ನೀನು ಉಪಕಾರ ಎಂದೆಯಲ್ಲ, ಅದು.

ಮನೆ ಬಿಡಬೇಡ. ಬೇಕಾದರೆ ನಾನು ಆ ಹಾಲ್‌ಗೆ ಬರುವುದನ್ನು ನಿಲ್ಲಿಸುತ್ತೇನೆ.

ವೇಣುಗೋಪಾಲ


ಪಿಕರಿಂಗ್
14-1-2026

ವೇಣುಗೋಪಾಲ ಅವರಿಗೆ,

ಶನಿವಾರ ನೀವು ಪೆಟ್ಟಿಗೆಗೆ ಹಾಕಿ ಹೋಗುವುದನ್ನು ಬೇಸ್‌ಮೆಂಟಿನ ಕಿಟಕಿಯಿಂದ ನೋಡಿದೆ. ಮೊದಲು ಬೂಟು ಕಂಡಿತು, ಆಮೇಲೆ ನೀವು. ಕರೆಯಲಿಲ್ಲ. ಹಿಮದಲ್ಲಿ ಬಸ್‌ಸ್ಟಾಪಿನವರೆಗೆ ಜಾರದೆ ಹೋಗ್ತೀರಾ ಅಂತ ಮಾತ್ರ ಬಾಗಿಲಲ್ಲಿ ನಿಂತು ನೋಡಿದೆ.

ಇವತ್ತು ಬೆಳಿಗ್ಗೆ ಆಫೀಸಿಗೆ ಹೋಗಿ ನೋಟಿಸು ವಾಪಸು ತಗೊಂಡೆ. ಈಗ ನನ್ನ ಅಡುಗೆಕೋಣೆಯಲ್ಲಿ ಕೂತು ಬರೆಯುತ್ತಿದ್ದೇನೆ. ನಾಲ್ಕು ಮಹಡಿ ಇಳಿದರೆ ನಿಮ್ಮ ಬಾಗಿಲು. ಬೆಲ್ ಒತ್ತಿ ಎದುರು ನಿಲ್ಲಲಿಕ್ಕೆ ಮನಸ್ಸಿಲ್ಲ, ಹಾಗಾಗಿ ಇದನ್ನು ಬಾಗಿಲಿನ ಅಡಿಯಿಂದ ತಳ್ಳುತ್ತೇನೆ. ನಿಮ್ಮ ಮಾತಿಗೆ ಬಂದದ್ದಲ್ಲ. ಹನ್ನೊಂದು ಜನ ನನ್ನನ್ನು ಬೇಕು ಅಂದರು, ಅದಕ್ಕೆ ಬಂದೆ.

ಲಿಫ್ಟಿನಲ್ಲಿ ನಿಜಲಿಂಗಪ್ಪನವರು ಸಿಕ್ಕಿದರು. "ಎಲ್ಲಿಗೆ ಹೋಗಿದ್ದೆಯವ್ವಾ, ಕಣ್ಣಿನ ಹನಿ ಮುಗಿದು ವಾರ ಆತು" ಅಂದರು. ಆ ಮನುಷ್ಯನ ಮೇಲೆ ಎರಡು ತಿಂಗಳು ನಾನು ಮನಸ್ಸಿನಲ್ಲೇ ಉಗುಳಿದ್ದೇನೆ. ಅವರ ಎದುರು ತಲೆ ಎತ್ತಲಿಕ್ಕೆ ಆಗಲಿಲ್ಲ. ಆ ನಾಚಿಕೆ ನೀವು ನನಗೆ ಕೊಟ್ಟದ್ದು.

ಹಾಲ್‌ಗೆ ಬರುವುದನ್ನು ನಿಲ್ಲಿಸ್ತೇನೆ ಅಂತ ಬರೆದಿದ್ದೀರಿ. ಅಷ್ಟು ಸುಲಭ ಮಾಡಿಕೊಳ್ಳಬೇಡಿ. ಮಾರ್ಚ್‌ವರೆಗೆ ಹಾಲ್ ನಮ್ಮದೇ ಉಂಟು. ಬರುವ ಶನಿವಾರ ಮೂರು ಗಂಟೆಗೆ ಬನ್ನಿ. ಎಲ್ಲರ ಎದುರು ನಿಂತು ಅಂಕದ ವಿಷಯ ಹೇಳಿ, ಮೂರು ದಿವಸದ ಜೇಬಿನ ವಿಷಯ ಹೇಳಿ. ಆಮೇಲೆ ಲೋಟ ಯಾರದು ಅಂತ ನಿಜಲಿಂಗಪ್ಪನವರ ಮುಖ ನೋಡಿ ಹೇಳಿ. ನನ್ನ ಬಾಯಿಂದ ಹನ್ನೊಂದು ಸಲ ಹೊರಟಿತು, ನಿಮ್ಮ ಬಾಯಿಂದ ಒಂದು ಸಲ ಹೊರಡಲಿ.

ಕ್ಷಮಿಸಿದೆ ಅಂತ ಬರೆಯಲಿಕ್ಕೆ ನನಗೆ ಇವತ್ತು ಆಗುವುದಿಲ್ಲ. ಸಿಟ್ಟು ಉಂಟು, ಎಷ್ಟು ದಿವಸ ಇರ್ತದೆ ಗೊತ್ತಿಲ್ಲ.

ನೀವು ಹೇಳಿ ಮುಗಿಸಿದ ಮೇಲೆ ಚಹಾ ಕೊಡ್ತೇನೆ. ಶುಂಠಿ ತಂದಿಟ್ಟಿದ್ದೇನೆ. ಹನ್ನೆರಡನೆಯ ಲೋಟ ನಿಮ್ಮದು. ಬಿಸಿ ಇರುವಾಗಲೇ ಕುಡಿಯಬೇಕು. ಈ ಸಲ ನಾನು ಸಿಂಕಿನ ಕಡೆ ತಿರುಗುವುದಿಲ್ಲ, ನೋಡುತ್ತಾ ನಿಲ್ಲುತ್ತೇನೆ.

ಕೊರಪ್ಪೊಳುವಿನ ಮೊಮ್ಮಗಳು,
ಸೌಜನ್ಯ